ಅನಾಮಧೇಯ ಅಂತರಜಾಲ ಕಾಳಸಂತೆಗಳು: ಸಾರ್ವಜನಿಕರಿಗೆ ಮಾಹಿತಿ

ಸೇವೆಗಳಿಗಾಗಿ ಅರ್ಜಿ ಸಲ್ಲಿಸುವಾಗ ನಾಗರಿಕರು ಗುರುತಿನ ದಾಖಲೆ, ವಿಳಾಸ ಹಾಗೂ ಬ್ಯಾಂಕ್ ಖಾತೆಯ ವಿವರಗಳನ್ನು ನೀಡಬೇಕಾಗುತ್ತದೆ. ಅಂತರಜಾಲದ ಕಾಳಸಂತೆಗೂ ಇವೇ ಮೂರು ಬೇಕಾಗಿರುವುದರಿಂದ, ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ) ಜಿಲ್ಲೆಯ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಸಾರ್ವಜನಿಕರ ಅವಗಾಹನೆಗಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಕಾರ್ಯವಿಧಾನ
‘ಡಾರ್ಕ್‌ನೆಟ್’ ಎನ್ನಲಾಗುವ ಈ ಸಂತೆಗಳನ್ನು ಟಾರ್ ಎಂಬ ತಂತ್ರಾಂಶದ ಮೂಲಕ ತಲುಪಲಾಗುತ್ತದೆ. ಇದು ಸಂಪರ್ಕವನ್ನು ಹಲವು ಗಣಕಯಂತ್ರಗಳ ಮೂಲಕ ಹಾಯಿಸಿ ಬಳಕೆದಾರನ ನೆಲೆಯನ್ನು ಮರೆಮಾಡುತ್ತದೆ. ಪಾವತಿಯು ಬಿಟ್‌ಕಾಯಿನ್ ಮುಂತಾದ ಕ್ರಿಪ್ಟೊ ಕರೆನ್ಸಿಗಳಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ, ಸರಕು ತಲುಪುವವರೆಗೆ ನಿರ್ವಾಹಕನು ಹಣವನ್ನು ತನ್ನಲ್ಲಿರಿಸಿಕೊಂಡು, ನಂತರ ಕಮಿಷನ್ ಕಳೆದು ಮಾರಾಟಗಾರನಿಗೆ ನೀಡುತ್ತಾನೆ.

2. ಪತ್ತೆಯಾಗುವ ಬಗೆ
ಗುರುತು ಮರೆಯಾಗುವುದು ಜಾಲದೊಳಗೆ ಮಾತ್ರ. ಸರಕು ಒಂದು ವಿಳಾಸಕ್ಕೆ ಬರಲೇಬೇಕು. ಹಣ ಒಂದು ಖಾತೆ ಸೇರಲೇಬೇಕು. ಬಿಟ್‌ಕಾಯಿನ್ ವ್ಯವಹಾರಗಳೆಲ್ಲವೂ ಯಾರು ಬೇಕಾದರೂ ನೋಡಬಹುದಾದ, ಅಳಿಸಲಾಗದ ಲೆಕ್ಕದ ಪುಸ್ತಕದಲ್ಲಿ ದಾಖಲಾಗಿರುತ್ತವೆ.
(ಅ) 2011ರಲ್ಲಿ ಆರಂಭವಾದ ‘ಸಿಲ್ಕ್ ರೋಡ್’ ಸಂತೆಯ ನಿರ್ವಾಹಕನು ಹಳೆಯ ಸಂದೇಶವೊಂದರಲ್ಲಿ ಸ್ವಂತ ಇ-ಮೇಲ್ ವಿಳಾಸ ನೀಡಿದ್ದನು. ಆ ಸುಳಿವಿನ ನೆರವಿನಿಂದ 2013ರ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಬಂಧಿತನಾದನು.
(ಆ) 2017ರಲ್ಲಿ ನೆದರ್‌ಲ್ಯಾಂಡ್ಸ್ ಪೊಲೀಸರು ‘ಹನ್ಸಾ’ ಸಂತೆಯನ್ನು ವಶಪಡಿಸಿಕೊಂಡು, ಸುಮಾರು ಒಂದು ತಿಂಗಳ ಕಾಲ ಗುಪ್ತವಾಗಿ ತಾವೇ ನಡೆಸಿ, ಖರೀದಿದಾರರ ವಿಳಾಸಗಳನ್ನು ಸಂಗ್ರಹಿಸಿದರು.
(ಇ) 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗವು (ಸಿಸಿಬಿ), ಡಾರ್ಕ್‌ನೆಟ್‌ನಲ್ಲಿ ಬಿಟ್‌ಕಾಯಿನ್ ನೀಡಿ ವಿದೇಶಿ ಅಂಚೆಯ ಮೂಲಕ ಮಾದಕ ವಸ್ತು ತರಿಸಿದ ಆರೋಪದ ಮೇಲೆ ಹಲವರನ್ನು ಬಂಧಿಸಿತು.

3. ನಾಗರಿಕರು ಗಮನಿಸಬೇಕಾದ ಅಂಶಗಳು
(ಅ) ಅಪರಿಚಿತರ ಪಾರ್ಸೆಲ್‌ಗಳಿಗೆ ತಮ್ಮ ವಿಳಾಸ ನೀಡಬಾರದು. ಮಾದಕ ವಸ್ತುಗಳ ಕಾಯ್ದೆ, 1985ರ ಸೆಕ್ಷನ್ 54ರ ಅನ್ವಯ, ವಸ್ತು ಯಾರ ಸ್ವಾಧೀನದಲ್ಲಿ ದೊರೆಯುವುದೋ ಅವರೇ ಸಮರ್ಪಕ ವಿವರಣೆ ನೀಡಬೇಕಾಗುತ್ತದೆ.
(ಆ) ಕಮಿಷನ್ ಆಸೆಗೆ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್ ಅಥವಾ ಸಿಮ್ ಅನ್ನು ಇತರರಿಗೆ ಕೊಡಬಾರದು. ಹಣದ ಜಾಡು ಹಿಡಿದ ಪೊಲೀಸರು ಮೊದಲು ತಲುಪುವುದು ಖಾತೆದಾರರ ಮನೆಗೆ.
(ಇ) ಗುರುತಿನ ದಾಖಲೆಗಳೂ ಈ ಸಂತೆಗಳಲ್ಲಿ ಮಾರಾಟವಾಗುತ್ತವೆ. ಆದ್ದರಿಂದ ಪ್ರತಿಯ ಮೇಲೆ ಉದ್ದೇಶ ಹಾಗೂ ದಿನಾಂಕ ಬರೆದು ಸಹಿ ಮಾಡತಕ್ಕದ್ದು. ಪೂರ್ಣ ಸಂಖ್ಯೆ ಅಗತ್ಯವಿಲ್ಲದ ಕಡೆ, ಕೊನೆಯ 4 ಅಂಕಿಗಳು ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ನೀಡಬಹುದು. ಜೆರಾಕ್ಸ್ ಅಂಗಡಿಯ ಗಣಕಯಂತ್ರದಲ್ಲಿ ಕಡತಗಳನ್ನು ಉಳಿಸಬಾರದು.

4. ದೂರು ಸಲ್ಲಿಕೆ
ಹಣ ಕಳೆದುಕೊಂಡಲ್ಲಿ ವಿಳಂಬವಿಲ್ಲದೆ ಸಹಾಯವಾಣಿ 1930ಕ್ಕೆ ಕರೆ ಮಾಡುವುದು. ಮಾದಕ ವಸ್ತುಗಳ ಬಗ್ಗೆ ಸಹಾಯವಾಣಿ 1933ಕ್ಕೆ ಮಾಹಿತಿ ನೀಡಬಹುದು. ರಾಮನಗರದ ಸಿಇಎನ್ ಪೊಲೀಸ್ ಠಾಣೆ ಅಥವಾ ಸಮೀಪದ ಠಾಣೆಯಲ್ಲಿಯೂ ದೂರು ದಾಖಲಿಸಬಹುದು. ಈಗಾಗಲೇ ಖಾತೆ ಅಥವಾ ವಿಳಾಸವನ್ನು ಇತರರಿಗೆ ನೀಡಿರುವವರು ನೋಟಿಸ್ ಬರುವವರೆಗೆ ಕಾಯದೆ, ತಾವೇ ಮುಂದಾಗಿ ಬ್ಯಾಂಕಿಗೂ ಪೊಲೀಸರಿಗೂ ಲಿಖಿತವಾಗಿ ತಿಳಿಸಲು ಕೋರಲಾಗಿದೆ.