ಮಾತಿನಲ್ಲಿ ಮೈದೋರುವ ಮನುಷ್ಯ: ಪಂಪ, ರನ್ನ, ಜನ್ನರ ಪಾತ್ರಚಿತ್ರಣ

ಮನುಷ್ಯನ ಗುಣವನ್ನು ತಿಳಿಸುವುದಕ್ಕೆ ಎರಡು ಮಾರ್ಗಗಳುಂಟು. ‘ಇವನು ದಾನಿ, ಇವನು ಲೋಭಿ’ ಎಂದು ನಾವೇ ಹೇಳಿಬಿಡುವುದು ಒಂದು. ಅವನ ಮಾತನ್ನೇ ಕೇಳಿಸಿ, ನಿರ್ಣಯವನ್ನು ಕೇಳುವವರಿಗೆ ಬಿಡುವುದು ಮತ್ತೊಂದು. ಅಂಗಡಿಯಲ್ಲಿ ಕುಳಿತು ವ್ಯವಹರಿಸುವವರಿಗೆ ಈ ಎರಡನೆಯದು ಹೊಸದಲ್ಲ. ಆಣೆಯಿಟ್ಟು ಸಾಲ ಕೇಳುವವನಿಗಿಂತ, ವಾಯಿದೆಯನ್ನು ಕೇಳಿ ಒಂದು ಕ್ಷಣ ಯೋಚಿಸುವವನೇ ನಂಬಿಕಸ್ಥನೆಂಬುದನ್ನು ಅನುಭವವು ಕಲಿಸುತ್ತದೆ. ಸಾವಿರ ವರ್ಷಗಳ ಹಿಂದೆ ಕನ್ನಡದ ಜೈನ ಕವಿಗಳು ಈ ಎರಡನೆಯ ಮಾರ್ಗವನ್ನು ಕಾವ್ಯದಲ್ಲಿ ಹೇಗೆ ತುಳಿದರೆಂಬುದನ್ನು, ವಿದ್ವಾಂಸನಲ್ಲದಿದ್ದರೂ, ನನ್ನ ಅಲ್ಪ ಓದಿನ ಬಲದಿಂದ ವಾಚಕರ ಮುಂದಿಡಲು ಬಯಸುತ್ತೇನೆ.

ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಜನರು ಹದವರಿತು ಮಾತನಾಡಬಲ್ಲರೆಂದೂ ಆಡಿದುದನ್ನು ಅರಿಯಬಲ್ಲರೆಂದೂ ಕೊಂಡಾಡುತ್ತದೆ. ಧ್ವನಿಯನ್ನೂ ಅದು ಒಂದು ಅಲಂಕಾರವೆಂದು ಹೆಸರಿಸುತ್ತದೆ. ಹೇಳಿದ್ದು ಒಂದಾಗಿ ಹೊಳೆಯುವುದು ಇನ್ನೊಂದಾದರೆ ಅದು ಧ್ವನಿ. ಹೇಳಿದ್ದಕ್ಕೂ ಇದ್ದದ್ದಕ್ಕೂ ನಡುವಿನ ಅಂತರವು ಕೇಳುವವನ ಎದೆಯನ್ನು ಚುಚ್ಚಿದರೆ ಅದು ವ್ಯಂಗ್ಯ. ಇಂತಹ ಶ್ರೋತೃಗಳಿದ್ದ ನಾಡಿನಲ್ಲಿ ಕವಿಗಳು ಎಲ್ಲವನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ವೇಮುಲವಾಡದ ಚಾಳುಕ್ಯ ಅರಿಕೇಸರಿಯ ಆಶ್ರಿತನಾದ ಪಂಪನು 941ರಲ್ಲಿ ‘ಆದಿಪುರಾಣ’ವನ್ನೂ ‘ವಿಕ್ರಮಾರ್ಜುನವಿಜಯ’ವನ್ನೂ ರಚಿಸಿದನೆಂಬುದು ಸರ್ವವಿದಿತ. ಎರಡನೆಯ ಕಾವ್ಯದ ನಾಯಕನು ಅರ್ಜುನನಾದರೂ, ಕರ್ಣನ ಮಾತು ಬಂದಲ್ಲೆಲ್ಲ ನಮ್ಮ ಮನಸ್ಸು ಅತ್ತ ವಾಲುತ್ತದೆ. ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುವ ಸಂದರ್ಭದಲ್ಲಿ ಕರ್ಣನು ಆ ವೃದ್ಧನನ್ನು ಹಳಿಯುತ್ತಾನೆ. ದ್ರೋಣನು ಸಿಟ್ಟಾಗಿ ಅವನ ಕುಲವನ್ನೆತ್ತಿ ಆಡುತ್ತಾನೆ. ಆಗ ಕರ್ಣನು, ಹುಟ್ಟು ಕುಲವಲ್ಲ, ಛಲ, ಗುಣ, ಅಭಿಮಾನ, ಪರಾಕ್ರಮಗಳೇ ಕುಲವೆಂದು ಮರುನುಡಿಯುತ್ತಾನೆ. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಈ ಹೊತ್ತಿಗಾಗಲೇ ಕೃಷ್ಣನಿಂದಲೂ ಕುಂತಿಯಿಂದಲೂ ಕರ್ಣನು ತನ್ನ ಜನ್ಮರಹಸ್ಯವನ್ನು ತಿಳಿದಿದ್ದಾನೆ. ‘ನಾನೂ ಕುಂತಿಯ ಮಗ’ ಎಂಬ ಒಂದೇ ಮಾತಿನಿಂದ ಸಭೆಯ ಬಾಯಿ ಕಟ್ಟಬಹುದಾಗಿತ್ತು. ಅವನು ಆ ಮಾತನ್ನು ಆಡಲಿಲ್ಲ. ಆಡಿದ ಮಾತು ಅವನ ಅಭಿಮಾನವನ್ನು ತೋರಿದರೆ, ಆಡದ ಮಾತು ಅವನ ಸ್ವಾಮಿನಿಷ್ಠೆಯನ್ನು ತೋರುತ್ತದೆ. ಕವಿಯು ಇದನ್ನು ಎತ್ತಿ ಹೇಳುವುದಿಲ್ಲ, ನಾವೇ ಕಂಡುಕೊಳ್ಳಬೇಕು.

ಕೃಷ್ಣನಿಗೆ ಕರ್ಣನು ಕೊಟ್ಟ ಉತ್ತರವೂ ಇಂತಹುದೇ. ಭಾನುಮತಿಯೊಡನೆ ಪಗಡೆಯಾಡುವಾಗ ಮುತ್ತಿನ ಹಾರ ಹರಿದು ಚೆಲ್ಲಿದ ಪ್ರಸಂಗವನ್ನು ಅವನು ನೆನೆಯುತ್ತಾನೆ. ಅಲ್ಲಿ ದುರ್ಯೋಧನನು ಅನುಮಾನಪಡಲಿಲ್ಲ. ಈ ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದನು, ಅಷ್ಟೇ. ಆ ಒಂದು ಪ್ರಶ್ನೆಯಲ್ಲಿ ದುರ್ಯೋಧನನ ವಿಶ್ವಾಸವಿದೆ. ಅದನ್ನು ಮರೆಯದ ನೆನಪಿನಲ್ಲಿ ಕರ್ಣನ ಕೃತಜ್ಞತೆಯಿದೆ. ಲೋಕವು ದುಷ್ಟನೆಂದು ಕರೆದವನ ಒಳಗೂ ಒಂದು ಸದ್ಗುಣವಿರಬಹುದೆಂಬುದನ್ನು ಉಪದೇಶವಿಲ್ಲದೆಯೇ ಪಂಪನು ಕಾಣಿಸಿಕೊಟ್ಟಿದ್ದಾನೆ.

ಈ ದಾರಿಯಲ್ಲಿ ಮುಂದೆ ಬಂದವನು ಮುಧೋಳದ ರನ್ನ. ತಾನು ಬಳೆಗಾರರ ಮನೆತನದವನೆಂದು ಅವನೇ ಹೇಳಿಕೊಂಡಿರುವುದು ವ್ಯಾಪಾರಿಗಳಾದ ನಮಗೆ ಹೆಮ್ಮೆಯ ಸಂಗತಿ. ಅವನ ‘ಗದಾಯುದ್ಧ’ಕ್ಕೆ ‘ಸಾಹಸಭೀಮವಿಜಯ’ವೆಂಬ ಹೆಸರೂ ಉಂಟು. ಚಾಳುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ಕಾವ್ಯವದು. ಆದರೆ ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವವನು ಸೋತ ದುರ್ಯೋಧನ. ಕಾರಣವೇನು? ಸಂಜಯನೊಡನೆ ಹೆಣಗಳ ನಡುವೆ ಎಡವುತ್ತ ನಡೆಯುವಾಗ ಅವನಾಡುವ ಮಾತುಗಳೇ ಕಾರಣ. ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆ ನಿಂತು, ನಿನ್ನಂತಹ ಮರಣ ನನಗೂ ಒದಗಲಿ ಎನ್ನುತ್ತಾನೆ. ದುಶ್ಶಾಸನನ ಮುಂದೆ ನಿಂತು, ತಾಯಿಯ ಹಾಲನ್ನು ಮೊದಲು ಕುಡಿದವನು ನಾನು, ಸಾವಿನಲ್ಲಿ ಮಾತ್ರ ನೀನು ಮುಂದಾದೆ ಎಂದು ಕೊರಗುತ್ತಾನೆ. ಕರ್ಣನ ಮುಂದೆ, ಆತನು ಯಾರ ಮಗನೆಂಬುದು ತನಗೆ ತಿಳಿದಿತ್ತೆಂದು ಬಾಯಿಬಿಡುತ್ತಾನೆ. ತಿಳಿದೂ ಗೆಳೆತನವನ್ನು ಬಿಡದವನ ಹಿರಿಮೆ ಅಲ್ಲಿದೆ. ತಿಳಿದೂ ಅಣ್ಣತಮ್ಮಂದಿರನ್ನು ಕಾದಾಡಿಸಿದವನ ತಪ್ಪೂ ಅದೇ ಮಾತಿನಲ್ಲಿದೆ.

ಹೀಗೆ ವೀರಮರಣವನ್ನು ಹಾರೈಸಿದವನೇ, ಭೀಷ್ಮನ ಸಂಧಿಯ ಹಿತನುಡಿಯನ್ನು ತಳ್ಳಿಹಾಕಿ, ವೈಶಂಪಾಯನ ಸರೋವರದಲ್ಲಿ ಅಡಗಿ ಕೂರಲು ಒಪ್ಪುತ್ತಾನೆ. ಹೊರಗಿನಿಂದ ಭೀಮನ ಗರ್ಜನೆ ಕೇಳಿದಾಗ ನೀರಿನ ಒಳಗಿದ್ದೂ ಅವನ ಮೈ ಬೆವರುತ್ತದೆ. ಆ ಬೆವರು ಭಯದ್ದೋ ರೋಷದ್ದೋ ಎಂಬುದನ್ನು ನಾವೇ ಯೋಚಿಸಬೇಕು. ಈ ಕಾವ್ಯದ ಮಾತುಗಾರಿಕೆಯನ್ನು ಕಂಡೇ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಇದನ್ನು ‘ಗದಾಯುದ್ಧ ನಾಟಕ’ವಾಗಿ ರೂಪಿಸಿದರು.

ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ಜನ್ನನು 1209ರಲ್ಲಿ ರಚಿಸಿದ ‘ಯಶೋಧರಚರಿತೆ’ಯಲ್ಲಿ ಈ ಕಲೆ ಇನ್ನೂ ಸೂಕ್ಷ್ಮವಾಗಿದೆ. ಅದರ ಕಥೆ ನಮ್ಮ ಮನೆಗಳಲ್ಲಿ ಹಿರಿಯರ ಬಾಯಿಂದ ಕೇಳಿದ್ದೇ ಆಗಿದೆ. ರಾಣಿ ಅಮೃತಮತಿಯು ಇರುಳಿನಲ್ಲಿ ಕುರೂಪಿ ಮಾವುತನ ಬಳಿಗೆ ಹೋಗುತ್ತಾಳೆ. ತಡವಾಗಿ ಬಂದಳೆಂದು ಅವನು ಹೊಡೆದರೂ ಸಹಿಸಿ, ಅವನನ್ನೇ ಬೇಡಿಕೊಳ್ಳುತ್ತಾಳೆ. ಮರೆಯಲ್ಲಿ ನಿಂತ ಯಶೋಧರನು ಎಲ್ಲವನ್ನೂ ನೋಡಿ, ಎತ್ತಿದ ಕತ್ತಿಯನ್ನು ತಡೆದು ಹಿಂದಿರುಗುತ್ತಾನೆ. ಮರುದಿನ ಸರಸದ ನೆಪದಲ್ಲಿ ನೈದಿಲೆಯ ಹೂವಿನಿಂದ ಅವಳನ್ನು ಹೊಡೆದಾಗ ಅವಳು ಮೂರ್ಛೆ ಹೋದಂತೆ ಬೀಳುತ್ತಾಳೆ. ಉಪಚರಿಸುತ್ತ ಅರಸನಾಡುವ ಮಾತು ಹೊರಗೆ ಮರುಕ, ಒಳಗೆ ಇರಿತ. ರಾತ್ರಿಯ ಪೆಟ್ಟನ್ನು ತಾಳಿದವಳಿಗೆ ಹಗಲಿನ ಹೂವು ಭಾರವಾಯಿತು! ಅವಳನ್ನು ಕುರಿತು ಕವಿಯು ಇನ್ನೊಂದು ಕಟುವಾದ ಮಾತನ್ನು ಆಡಬೇಕಾದ ಅಗತ್ಯವೇ ಇಲ್ಲ.

ಆದರೆ ಜನ್ನನ ವ್ಯಂಗ್ಯವು ಅಮೃತಮತಿಯಲ್ಲಿಗೇ ನಿಲ್ಲುವುದಿಲ್ಲವೆಂಬುದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ಕಂಡದ್ದನ್ನು ಕಂಡಂತೆ ಹೇಳಲಾರದೆ ಯಶೋಧರನು ತಾಯಿ ಚಂದ್ರಮತಿಗೆ ಅದನ್ನೊಂದು ಕೆಟ್ಟ ಕನಸೆಂದು ಹೇಳುತ್ತಾನೆ. ತಾಯಿಯು ಶಾಂತಿಗಾಗಿ ಪ್ರಾಣಿಬಲಿ ಕೊಡೆನ್ನುತ್ತಾಳೆ. ಹಿಂಸೆಯಿಂದ ಒಳಿತಾಗದೆಂದು ಅವನು ಚೆನ್ನಾಗಿಯೇ ವಾದಿಸುತ್ತಾನೆ. ಕೊನೆಗೆ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ತಪ್ಪಿತಸ್ಥರ ಮೇಲೆ ಎತ್ತಿದ ಕತ್ತಿಯನ್ನು ತಡೆದುಕೊಂಡ ಕೈ, ಏನೂ ಅರಿಯದ ಹಿಟ್ಟಿನ ಮುದ್ದೆಯ ಮೇಲೆ ಇಳಿಯುತ್ತದೆ. ಆ ಕೋಳಿ ಕೂಗುತ್ತದೆ! ಧರ್ಮವನ್ನು ಬಲ್ಲವನ ಬಾಯಿಂದಲೇ ಧರ್ಮವನ್ನು ನುಡಿಸಿ, ಅವನ ಕೈಯಿಂದಲೇ ಅದನ್ನು ಮುರಿಸಿರುವುದು ಈ ಕಾವ್ಯದ ಕಠೋರ ವ್ಯಂಗ್ಯ. ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬ ತತ್ತ್ವವನ್ನು ಪ್ರವಚನದಲ್ಲಿ ಕೇಳಿ ತಲೆದೂಗುತ್ತೇವೆ. ಇಲ್ಲಿ ಮಾತ್ರ ತಲೆ ತಗ್ಗಿಸುತ್ತೇವೆ. ಏಕೆಂದರೆ, ಹೆಸರಿಗೆ ಮಾತ್ರವೆಂದು, ಹಿರಿಯರ ಮಾತಿಗೆಂದು ಸಣ್ಣ ತಪ್ಪಿಗೆ ಒಪ್ಪಿಕೊಂಡ ಯಶೋಧರನು ನಮ್ಮೆಲ್ಲರೊಳಗೂ ಇದ್ದಾನೆ.

ಜನ್ಮಾಂತರಗಳ ದುಃಖವನ್ನು ಉಂಡು ಅಭಯರುಚಿ, ಅಭಯಮತಿಯರಾಗಿ ಹುಟ್ಟಿದ ಆ ಜೀವಗಳು ಚಂಡಮಾರಿಯ ಗುಡಿಯಲ್ಲಿ ಬಲಿಗಾಗಿ ನಿಂತಾಗಲೂ ಇದೇ ಕ್ರಮ. ಕೊಲ್ಲಿಸಲು ಬಂದ ಮಾರಿದತ್ತನನ್ನು, ಧರ್ಮದಿಂದ ನಾಡನ್ನಾಳೆಂದು ಆ ಬಾಲಕನು ಹರಸುತ್ತಾನೆ. ಹರಕೆಯೇ ಅಲ್ಲಿ ಖಂಡನೆ. ಅದು ಅರಸನ ಎದೆಯನ್ನು ತಟ್ಟಿದ್ದರಿಂದಲೇ ಕಥೆ ಮುಂದುವರಿಯಿತು, ಕತ್ತಿ ಕೆಳಗಿಳಿಯಿತು. ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ವೆಂಬ ನಾಟಕಕ್ಕೆ ಈ ಕಥೆಯನ್ನೇ ಆಯ್ದುಕೊಂಡುದು, ಆ ಪ್ರಶ್ನೆ ಇನ್ನೂ ಹಳತಾಗಿಲ್ಲವೆಂಬುದಕ್ಕೆ ಸಾಕ್ಷಿ.

ಮೂವರು ಕವಿಗಳೂ ವ್ಯಂಗ್ಯವನ್ನು ಗೇಲಿಗಾಗಿ ಬಳಸಲಿಲ್ಲ. ಕೆಟ್ಟವನಲ್ಲಿ ಒಳಿತನ್ನೂ ಒಳ್ಳೆಯವನಲ್ಲಿ ದೌರ್ಬಲ್ಯವನ್ನೂ ತೋರಲು ಬಳಸಿದರು. ಒಂದೇ ಮುಖವನ್ನು ನೋಡಿ ತೀರ್ಪು ಕೊಡಬೇಡವೆನ್ನುವ ಅನೇಕಾಂತದ ದೃಷ್ಟಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆ ಮಹಾತಾಯಿ ಹಂಚಿದ್ದು ಓದುವುದಕ್ಕಾಗಿ. ಶ್ರುತಪಂಚಮಿಯಂದು ನಾವು ಅರಿಶಿನ ಕುಂಕುಮವಿಟ್ಟು ಪೂಜಿಸುವ ಗ್ರಂಥವನ್ನು ಮಾರನೆಯ ದಿನ ಕಪಾಟಿನಲ್ಲಿಟ್ಟು ಬೀಗ ಹಾಕದೆ, ಮನೆಯ ಮಕ್ಕಳನ್ನು ಕೂರಿಸಿಕೊಂಡು ಒಂದು ಪ್ರಸಂಗವನ್ನಾದರೂ ಗಟ್ಟಿಯಾಗಿ ಓದೋಣ. ಕರ್ಣನೂ ದುರ್ಯೋಧನನೂ ಯಶೋಧರನೂ ಮಾತನಾಡಲು ಕಾದಿದ್ದಾರೆ. ಕೇಳುವ ಕಿವಿ ನಮ್ಮದಾಗಲಿ.