ಪಾದ್ರಿ ಬೇಕಾಗಿದ್ದಾರೆ, ಅರ್ಧ ಸಂಬಳಕ್ಕೆ: ಅಮೆರಿಕದ ಎಪಿಸ್ಕೋಪಲ್ ಚರ್ಚಿನ ಲೆಕ್ಕಾಚಾರ

ಅರೆಕಾಲಿಕ ಪಾದ್ರಿ ಬೇಕಾಗಿದ್ದಾರೆ. ವಾರಕ್ಕೆ ಇಪ್ಪತ್ತು ಗಂಟೆ ಕೆಲಸ, ಭಾನುವಾರದ ಆರಾಧನೆ, ಆಸ್ಪತ್ರೆಯಲ್ಲಿರುವವರ ಭೇಟಿ, ಕಮಿಟಿ ಮೀಟಿಂಗು. ಅಮೆರಿಕದ ಸಣ್ಣ ಊರುಗಳ ಎಪಿಸ್ಕೋಪಲ್ ಸಭೆಗಳು ಹೊರಡಿಸುವ ಪ್ರಕಟಣೆಗಳ ತಿರುಳು ಹೆಚ್ಚೂಕಮ್ಮಿ ಇಷ್ಟೇ. ಓದೋಕೆ ಧಾರ್ಮಿಕ ವಿಷಯ ಅನ್ನಿಸುತ್ತೆ. ನನಗೆ ಮಾತ್ರ ಇದು ಮೊದಲು ಕಾರ್ಮಿಕ ಪ್ರಶ್ನೆ, ಆಮೇಲೆ ಧರ್ಮದ ಪ್ರಶ್ನೆ.

ಎಪಿಸ್ಕೋಪಲ್ ಚರ್ಚ್ ಅಂದರೆ ಇಂಗ್ಲೆಂಡಿನ ಆಂಗ್ಲಿಕನ್ ಪರಂಪರೆಯ ಅಮೆರಿಕನ್ ಕವಲು. ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ ಅಲ್ಲಿನ ಆಂಗ್ಲಿಕನ್ನರಿಗೆ ಬಿಷಪ್ ಬೇಕಿತ್ತು. ಆದರೆ ಇಂಗ್ಲೆಂಡಿನಲ್ಲಿ ಬಿಷಪ್ ಆಗೋಕೆ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಹಾಗಾಗಿ ಸ್ಯಾಮ್ಯುಯೆಲ್ ಸೀಬರಿ 1784ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನ್‌ಗೆ ಹೋಗಿ ಅಲ್ಲಿನ ಬಿಷಪ್‌ಗಳಿಂದ ಅಭಿಷೇಕ ಪಡೆದರು. 1789ರಲ್ಲಿ ಚರ್ಚಿಗೆ ತನ್ನದೇ ಸಂವಿಧಾನ ಬಂತು. 1960ರ ದಶಕದಲ್ಲಿ ಸುಮಾರು 34 ಲಕ್ಷ ಇದ್ದ ಸದಸ್ಯರ ಸಂಖ್ಯೆ ಈಗ 16 ಲಕ್ಷಕ್ಕಿಂತ ಕೆಳಗಿದೆ. ಕಟ್ಟಡಗಳು ಮಾತ್ರ ಜನರಷ್ಟು ವೇಗವಾಗಿ ಕಡಿಮೆಯಾಗಿಲ್ಲ.

ಪಾದ್ರಿಯನ್ನು ನೇಮಿಸೋದು ಯಾರು? ಇಲ್ಲೇ ಸ್ವಾರಸ್ಯ ಇರೋದು. ಸ್ವಾವಲಂಬಿ ಪ್ಯಾರಿಷ್ ಆದರೆ ನೇಮಿಸೋದು ಬಿಷಪ್ ಅಲ್ಲ, ವೆಸ್ಟ್ರಿ. ಅಂದರೆ ಸದಸ್ಯರು ಚುನಾಯಿಸಿದ ಆಡಳಿತ ಮಂಡಳಿ. ಅವರು ಹುಡುಕಾಟ ಸಮಿತಿ ಮಾಡ್ತಾರೆ, ಅಭ್ಯರ್ಥಿಗಳ ಸಂದರ್ಶನ ಮಾಡ್ತಾರೆ, ಬಿಷಪ್‌ಗೆ ಹೆಸರು ತಿಳಿಸಿ ರೆಕ್ಟರ್‌ನನ್ನು ಆರಿಸ್ತಾರೆ. ಒಮ್ಮೆ ರೆಕ್ಟರ್ ಆದವರನ್ನು ವೆಸ್ಟ್ರಿ ತನ್ನಿಷ್ಟಕ್ಕೆ ತೆಗೆಯೋ ಹಾಗಿಲ್ಲ, ಬಿಷಪ್ ನಡುವೆ ಬರಲೇಬೇಕು. ಒಂಥರಾ ಕಾಯಂ ನೌಕರಿ. ಆದರೆ ಅರೆಕಾಲಿಕ ಹುದ್ದೆಗಳು ಬಹಳಷ್ಟು ಸಲ 'ಪ್ರೀಸ್ಟ್-ಇನ್-ಚಾರ್ಜ್' ಅನ್ನೋ ಹೆಸರಲ್ಲಿ ಬರುತ್ತವೆ. ಇಷ್ಟು ವರ್ಷ ಅಂತ ಒಪ್ಪಂದ, ಆಮೇಲೆ ನವೀಕರಣ ಅಥವಾ ವಿದಾಯ. ಗಂಟೆ ಅರ್ಧವಾಗುವಾಗ ಭದ್ರತೆಯೂ ಸದ್ದಿಲ್ಲದೆ ಕಳಚಿಕೊಳ್ಳುತ್ತೆ.

ಇದು ಹೊಸ ಕಾಲದ ಪಿಡುಗು ಅಂದ್ಕೋಬೇಡಿ. ವಸಾಹತು ಕಾಲದ ವರ್ಜೀನಿಯಾದಲ್ಲಿ ವೆಸ್ಟ್ರಿಯಲ್ಲಿ ಕೂರುತ್ತಿದ್ದವರು ದೊಡ್ಡ ಜಮೀನ್ದಾರರು. ಪಾದ್ರಿಯ ಹೆಸರನ್ನು ಗವರ್ನರ್‌ಗೆ ಕಳಿಸಿದರೆ ಕೆಲಸ ಕಾಯಂ ಆಗಿಬಿಡುತ್ತೆ ಅಂತ ಎಷ್ಟೋ ವೆಸ್ಟ್ರಿಗಳು ಹೆಸರನ್ನೇ ಕಳಿಸುತ್ತಿರಲಿಲ್ಲ, ವರ್ಷ ವರ್ಷಕ್ಕೆ ಗುತ್ತಿಗೆ ಮೇಲೆ ಇಟ್ಕೊಳ್ತಿದ್ದವು. ಸಂಬಳ ತಂಬಾಕಿನ ರೂಪದಲ್ಲಿ, ವರ್ಷಕ್ಕೆ 16,000 ಪೌಂಡ್, ಅಂದರೆ ಏಳು ಟನ್ನಿಗೂ ಹೆಚ್ಚು. 1758ರಲ್ಲಿ ಬೆಳೆ ಕೈಕೊಟ್ಟು ತಂಬಾಕಿನ ಬೆಲೆ ಏರಿದಾಗ, ಪೌಂಡಿಗೆ ಎರಡು ಪೆನ್ನಿ ಲೆಕ್ಕದಲ್ಲಿ ನಗದು ಕೊಟ್ಟರೆ ಸಾಕು ಅಂತ ಅಲ್ಲಿನ ಶಾಸನಸಭೆ ಕಾನೂನು ಮಾಡಿತು. ರಾಜ ಅದನ್ನು ತಳ್ಳಿಹಾಕಿದ. ಜೇಮ್ಸ್ ಮೋರಿ ಅನ್ನೋ ಪಾದ್ರಿ ಬಾಕಿ ಸಂಬಳಕ್ಕೆ ಕೋರ್ಟಿಗೆ ಹೋದರು. 1763ರಲ್ಲಿ ಅವರ ವಿರುದ್ಧ ವಾದಿಸಿದ ಯುವ ವಕೀಲ ಪ್ಯಾಟ್ರಿಕ್ ಹೆನ್ರಿ, ಜನರ ಶಾಸನವನ್ನು ತಳ್ಳಿಹಾಕೋ ಅಧಿಕಾರ ರಾಜನಿಗಿಲ್ಲ ಅಂತ ಗುಡುಗಿದ. ಜ್ಯೂರಿ ಪಾದ್ರಿಗೆ ಕೊಡಿಸಿದ ಪರಿಹಾರ ಒಂದೇ ಒಂದು ಪೆನ್ನಿ. ಅಮೆರಿಕದ ಕ್ರಾಂತಿಯ ಮುನ್ನುಡಿಗಳಲ್ಲಿ ಒಂದು ಅಂತ ಇದನ್ನು ಪಾಠ ಮಾಡ್ತಾರೆ. ಸಂಬಳ ಸಿಗದ ನೌಕರನ ಕಡೆಯಿಂದ ಆ ಕತೆ ಹೇಳೋರು ಕಡಿಮೆ.

ಈಗಿನ ಲೆಕ್ಕಕ್ಕೆ ಬರೋಣ. ಎಂಜಿನಿಯರಿಂಗ್ ಓದಿದ ಚಾಳಿ, ಅಂಕಿ ಕಂಡರೆ ಬಿಡೋಕಾಗಲ್ಲ. ಪಾದ್ರಿಯ ಸಂಬಳ, ಜೊತೆಗೆ ಮನೆಯ ಮೌಲ್ಯ, ಎರಡೂ ಸೇರಿದ ಮೊತ್ತದ ಮೇಲೆ 18 ಪರ್ಸೆಂಟನ್ನು ಸಭೆಯೇ ಪಿಂಚಣಿ ನಿಧಿಗೆ ಕಟ್ಟಬೇಕು. 1917ರಲ್ಲಿ ಶುರುವಾದ ಈ ನಿಧಿ ನಿಜಕ್ಕೂ ಒಳ್ಳೆಯ ವ್ಯವಸ್ಥೆ, ಅರೆಕಾಲಿಕರಿಗೂ ಅನ್ವಯಿಸುತ್ತೆ. ಆರೋಗ್ಯ ವಿಮೆಯದ್ದು ಬೇರೆ ಕತೆ. ವರ್ಷಕ್ಕೆ 1,500 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಚರ್ಚಿನ ಯೋಜನೆಯಡಿ ವಿಮೆ ಕೊಡಲೇಬೇಕು ಅನ್ನೋ ನಿಯಮಕ್ಕೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. 1,500ನ್ನು 52ರಿಂದ ಭಾಗಿಸಿ: ವಾರಕ್ಕೆ 29 ಗಂಟೆಗೆ ತುಸು ಕಡಿಮೆ. ಇಪ್ಪತ್ತು ಗಂಟೆಯ ಹುದ್ದೆ ಆ ಗೆರೆಯ ಕೆಳಗೆ ಆರಾಮಾಗಿ ಕೂರುತ್ತೆ. ಬಡ ಸಭೆಗಳನ್ನು ದೂರಿ ಪ್ರಯೋಜನ ಇಲ್ಲ. ಅಮೆರಿಕದಲ್ಲಿ ಒಂದು ಕುಟುಂಬದ ವಿಮೆಯ ಖರ್ಚು ಮೂವತ್ತು ನಲವತ್ತು ಜನರ ಸಭೆಯ ಬಜೆಟ್ಟನ್ನೇ ಮುಳುಗಿಸಬಲ್ಲದು.

ಇನ್ನು ಆ ಇಪ್ಪತ್ತು ಗಂಟೆ. ಪ್ರಸಂಗ ತಯಾರಿಗೆ ಆರು ಗಂಟೆ ಇಟ್ಕೊಳ್ಳಿ. ಭಾನುವಾರಕ್ಕೆ ನಾಲ್ಕು. ಮೀಟಿಂಗು, ಫೋನು, ಕಾಗದಪತ್ರ ಅಂತ ಐದು. ಮನೆ, ಆಸ್ಪತ್ರೆ ಭೇಟಿಗೆ ಐದು. ಮುಗೀತು. ಬುಧವಾರ ಒಬ್ಬರು ತೀರಿಕೊಂಡರೆ? ಸಾವು ಗಂಟೆ ಲೆಕ್ಕ ಕೇಳಲ್ಲ. ಶವಸಂಸ್ಕಾರಕ್ಕೆ ಬರಲ್ಲ ಅನ್ನೋ ಪಾದ್ರಿಯೂ ಇಲ್ಲ. ಅದಕ್ಕೇ ಅಲ್ಲಿನ ಪಾದ್ರಿಗಳ ನಡುವೆ ಒಂದು ಹಳೇ ಗೊಣಗಾಟ ಇದೆ: ಅರೆಕಾಲಿಕ ಹುದ್ದೆ ಅನ್ನೋದೇ ಇಲ್ಲ, ಇರೋದು ಅರೆ ಸಂಬಳ ಮಾತ್ರ.

ಹಾಗಾದರೆ ಪಾದ್ರಿ ಇಲ್ಲದೆ ನಡೆಸಬಾರದಾ? ಮೊದಲು ನಡೀತಿತ್ತು. ಬಹಳಷ್ಟು ಎಪಿಸ್ಕೋಪಲ್ ಸಭೆಗಳಲ್ಲಿ ಭಾನುವಾರದ ಮುಖ್ಯ ಆರಾಧನೆ ಬೆಳಗಿನ ಪ್ರಾರ್ಥನೆ ಆಗಿತ್ತು. ಅದನ್ನು ದೀಕ್ಷೆ ಪಡೆಯದ ಸಾಮಾನ್ಯ ಸದಸ್ಯರೂ ನಡೆಸಬಹುದು. 1979ರ ಪ್ರಾರ್ಥನಾ ಪುಸ್ತಕ ಪ್ರಭು ಭೋಜನವನ್ನು ಭಾನುವಾರದ ಕೇಂದ್ರಕ್ಕೆ ತಂದಿತು. ರೊಟ್ಟಿ-ದ್ರಾಕ್ಷಾರಸವನ್ನು ಪವಿತ್ರೀಕರಿಸೋಕೆ ಪಾದ್ರಿ ಅಥವಾ ಬಿಷಪ್ಪೇ ಬೇಕು. ದೈವಶಾಸ್ತ್ರದ ದೃಷ್ಟಿಯಿಂದ ಅದು ಮೂಲಕ್ಕೆ ಮರಳೋ ಹೆಜ್ಜೆ ಇರಬಹುದು. ವ್ಯವಸ್ಥೆಯ ವಿನ್ಯಾಸ ಅಂತ ನೋಡಿದರೆ, ಜನ ಮತ್ತು ಹಣ ಇಳಿಯುತ್ತಿದ್ದ ಕಾಲದಲ್ಲೇ ಇಡೀ ಯಂತ್ರವನ್ನು ಅತಿ ದುಬಾರಿಯಾದ ಒಂದು ಬಿಡಿಭಾಗಕ್ಕೆ ಕಟ್ಟಿಹಾಕಿದಂತಾಯಿತು.

ಅದೇ 1979ರಲ್ಲಿ ಇನ್ನೊಂದು ನಿರ್ಧಾರ ಆಯಿತು. ಚರ್ಚ್ ಆಸ್ತಿಯ ವ್ಯಾಜ್ಯವೊಂದರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದ ಬೆನ್ನಿಗೆ 'ಡೆನ್ನಿಸ್ ಕ್ಯಾನನ್' ಅನ್ನೋ ನಿಯಮ ಜಾರಿಯಾಯಿತು. ಪ್ಯಾರಿಷಿನ ಆಸ್ತಿ ಡಯಾಸಿಸ್ ಮತ್ತು ಇಡೀ ಚರ್ಚಿನ ಪರವಾಗಿ ಟ್ರಸ್ಟಿನಲ್ಲಿರುತ್ತೆ ಅಂತ ಅದರ ಸಾರ. ಅಂದರೆ ಚರ್ಚು ಬಿಟ್ಟು ಹೋಗೋರು ಕಟ್ಟಡ ಹೊತ್ಕೊಂಡು ಹೋಗೋ ಹಾಗಿಲ್ಲ. ಸರಿ, ಒಪ್ಪೋಣ. ಆದರೆ ಕಟ್ಟಡ ಎಲ್ಲರದ್ದು ಅಂದಮೇಲೆ ಪಾದ್ರಿಯ ಸಂಬಳ ಮಾತ್ರ ಆಯಾ ಸಭೆಯ ತಲೆನೋವು ಯಾಕೆ? ನ್ಯೂಯಾರ್ಕಿನ ಟ್ರಿನಿಟಿ ಚರ್ಚಿಗೆ 1705ರಲ್ಲಿ ಇಂಗ್ಲೆಂಡಿನ ರಾಣಿ ಆನ್ ಮ್ಯಾನ್‌ಹಟನ್‌ನಲ್ಲಿ ಕೊಟ್ಟ ಜಮೀನಿನಿಂದ ಬೆಳೆದ ಸಂಪತ್ತು ಇವತ್ತು ನೂರಾರು ಕೋಟಿ ಡಾಲರ್. ಅವರು ಅನುದಾನ ಕೊಡ್ತಾರೆ, ಇಲ್ಲ ಅನ್ನಲ್ಲ. ಆದರೆ ಕೇಳಿ ಪಡೆಯೋ ಅನುದಾನ ಬೇರೆ, ಹಕ್ಕಿನ ಪಾಲು ಬೇರೆ.

ನಮ್ಮಲ್ಲಿ 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಸಭೆಗಳು ಸೇರಿ ಹುಟ್ಟಿದ ಸಿಎಸ್‌ಐ ಕೂಡ ಅದೇ ಜಾಗತಿಕ ಆಂಗ್ಲಿಕನ್ ಒಕ್ಕೂಟದ ಸದಸ್ಯ. ಇಲ್ಲಿ ಸಾಮಾನ್ಯವಾಗಿ ಸಭಾಪಾಲಕರನ್ನು ಬಿಷಪ್ ಮತ್ತು ಡಯಾಸಿಸ್ ನೇಮಿಸಿ ವರ್ಗಾವಣೆ ಮಾಡ್ತಾರೆ. ಹಳ್ಳಿ ಕಡೆ ಒಬ್ಬರೇ ಅಯ್ಯನವರು ಹಲವು ಸಭೆ ನೋಡ್ಕೊಳ್ತಾರೆ, ಅವರಿಲ್ಲದ ಭಾನುವಾರ ಉಪದೇಶಿಯೋ ಹಿರಿಯರೋ ಪ್ರಾರ್ಥನೆ ನಡೆಸ್ತಾರೆ. ವರ್ಗಾವಣೆ ರಾಜಕೀಯದ ದೂರುಗಳು ಇಲ್ಲೂ ಕಡಿಮೆಯಿಲ್ಲ. ಆದರೆ ಬಡ ಸಭೆ ತಾನೊಬ್ಬನೇ ಮಾರುಕಟ್ಟೆಗೆ ಇಳಿದು ಪಾದ್ರಿ ಹುಡುಕೋ ಪರಿಸ್ಥಿತಿ ಅಷ್ಟಾಗಿ ಬರಲ್ಲ.

ಅಮೆರಿಕದ ಸಭೆಗಳು ಕೈಕಟ್ಟಿ ಕೂತಿಲ್ಲ. ಎರಡು ಮೂರು ಸಭೆ ಸೇರಿ ಒಬ್ಬ ಪಾದ್ರಿಯನ್ನು ಹಂಚಿಕೊಳ್ತಾರೆ. 2001ರಿಂದ ಜಾರಿಯಲ್ಲಿರುವ ಒಪ್ಪಂದದಂತೆ ಲೂಥರನ್ ಪಾಸ್ಟರ್‌ಗಳನ್ನೂ ಕರೆಯಬಹುದು. ಉತ್ತರ ಮಿಷಿಗನ್ ಡಯಾಸಿಸ್ ಇನ್ನೂ ಮುಂದೆ ಹೋಗಿ, ಊರಿನ ಸದಸ್ಯರನ್ನೇ ಸ್ಥಳೀಯವಾಗಿ ತರಬೇತಿ ಕೊಟ್ಟು ಸಂಬಳವಿಲ್ಲದ ಪಾದ್ರಿಗಳಾಗಿ ದೀಕ್ಷೆ ಕೊಡುವ ದಾರಿ ಹಿಡಿಯಿತು. ನನಗೆ ಇವುಗಳಲ್ಲಿ ಹೆಚ್ಚು ಪ್ರಾಮಾಣಿಕ ಅನ್ನಿಸೋದು ಇದೇ. ಸಂಬಳ ಇಲ್ಲ ಅಂತ ಮೊದಲೇ ಹೇಳಿ, ಕೆಲಸವನ್ನೂ ಹಲವರಿಗೆ ಹಂಚುತ್ತೆ.

ಉಳಿದ ಕಡೆ ಅರ್ಧ ಸಂಬಳದ ಹುದ್ದೆಗೆ ಬರಬಲ್ಲವರು ಯಾರು? ಪಿಂಚಣಿ ಬರುತ್ತಿರುವ ನಿವೃತ್ತರು. ಸಂಗಾತಿಯ ಕೆಲಸದಿಂದ ವಿಮೆ ಇರುವವರು. ವಾರವಿಡೀ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿದು ಭಾನುವಾರ ನಿಲುವಂಗಿ ತೊಡುವವರು. ಮೂರು ವರ್ಷ ಸೆಮಿನರಿ ಓದಿ ಸಾಲ ಮಾಡಿಕೊಂಡ ಇಪ್ಪತ್ತೆಂಟರ ಯುವತಿಗೆ ಅಲ್ಲಿ ಜಾಗ ಕಷ್ಟ. ಪೂರ್ಣಾವಧಿಯಲ್ಲೂ ಮಹಿಳೆಯರ ಸಂಬಳ ಗಂಡಸರದ್ದಕ್ಕಿಂತ ಕಡಿಮೆ ಅಂತ ಚರ್ಚಿನದೇ ಪಿಂಚಣಿ ಸಂಸ್ಥೆಯ ವರದಿಗಳು ತೋರಿಸುತ್ತಾ ಬಂದಿವೆ.

ಇರುವ ಒಂದು ರಕ್ಷಣೆ ಒಪ್ಪಂದ ಪತ್ರ. ಪಾದ್ರಿ, ವೆಸ್ಟ್ರಿ, ಬಿಷಪ್ ಮೂವರ ಒಪ್ಪಿಗೆಯಿಂದ ಆಗುವ ಕಾಗದ. ಕೆಲವು ಕಡೆ ಅದರಲ್ಲಿ ವಾರವನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಂತ ತುಂಡು ಮಾಡಿ, ಇಷ್ಟು ತುಂಡು ನಿಮ್ಮದು, ಉಳಿದದ್ದು ನಮ್ಮದಲ್ಲ ಅಂತ ಬರೆಯುತ್ತಾರೆ. ಸಭೆಯವರು ಎಷ್ಟು ಭಾನುವಾರ ತಾವೇ ಪ್ರಾರ್ಥನೆ ನಡೆಸ್ತಾರೆ, ಆಸ್ಪತ್ರೆಗೆ ಯಾರು ಹೋಗ್ತಾರೆ, ಶವಸಂಸ್ಕಾರದ ವಾರ ಪಾದ್ರಿ ಯಾವ ಕೆಲಸ ಬಿಡಬಹುದು ಅನ್ನೋದನ್ನೂ ಅದೇ ಕಾಗದದಲ್ಲಿ ಸೇರಿಸಿಕೊಳ್ಳೋಕೆ ಯಾವ ಅಡ್ಡಿಯೂ ಇಲ್ಲ.