ಅರ್ಧಚ್ಛೇದವೂ ಅವಿಭಾಜ್ಯ ಮಹಾಸಂಖ್ಯೆಯೂ

ಜೀವರಾಶಿ, ಲೋಕ, ಕಾಲ ಇವುಗಳ ಪ್ರಮಾಣವನ್ನು ನಿರೂಪಿಸಹೊರಟ ಜೈನಾಚಾರ್ಯರಿಗೆ ಲೋಕವ್ಯವಹಾರದ ಎಣಿಕೆ ಸಾಲದಾಯಿತು. ಎರಡನ್ನು ವರ್ಗ ಮಾಡಿದರೆ ನಾಲ್ಕು. ಅದನ್ನು ಮತ್ತೆ ವರ್ಗ ಮಾಡಿದರೆ ಹದಿನಾರು. ಹೀಗೆಯೇ ನಡೆದರೆ ಐದನೆಯ ವರ್ಗವು 4,29,49,67,296. ಇದನ್ನು ಆರನೆಯ ವರ್ಗದಿಂದ ಗುಣಿಸಿದಾಗ ದೊರೆಯುವ 29 ಅಂಕಿಗಳ ಸಂಖ್ಯೆಯನ್ನು ಆಗಮ ಪರಂಪರೆಯು ಮನುಷ್ಯರಾಶಿಯ ಪ್ರಸಂಗದಲ್ಲಿ ಹೇಳಿದೆ.

ಇಂತಹ ಸಂಖ್ಯೆಯನ್ನು ಅಂಕೆಗೆ ತರುವ ಉಪಾಯವೇ ಅರ್ಧಚ್ಛೇದ. ಷಟ್ಖಂಡಾಗಮಕ್ಕೆ ಧವಲಾ ಟೀಕೆಯನ್ನು ರಚಿಸಿದ ವೀರಸೇನಾಚಾರ್ಯರು ಇದನ್ನು ವಿಶದವಾಗಿ ಬಳಸಿದ್ದಾರೆ. ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೋ ಅದೇ ಅದರ ಅರ್ಧಚ್ಛೇದ. ಎಂಟಕ್ಕೆ ಮೂರು, ಮೇಲಿನ ಮಹಾಸಂಖ್ಯೆಗೆ 32 ಮತ್ತು 64 ಕೂಡಿ 96. ವೀರಸೇನರ ಶಿಷ್ಯರಾದ ಜಿನಸೇನಾಚಾರ್ಯರನ್ನು ಗೌರವಿಸಿದ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟವು ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡವೇ ಆಗಿದೆ.

ಇನ್ನು ಅವಿಭಾಜ್ಯ ಸಂಖ್ಯೆಯ ವಿಚಾರ. ರಾಯಚೂರು, ದೇವದುರ್ಗ, ಮಾನ್ವಿಯ ಪೇಟೆಗಳಲ್ಲಿ ಹನ್ನೆರಡು ಚೀಲ ಧಾನ್ಯವನ್ನು ಇಬ್ಬರು, ಮೂವರು, ನಾಲ್ವರು, ಆರು ಮಂದಿ ಸಮನಾಗಿ ಹಂಚಿಕೊಳ್ಳಬಹುದು. ಹದಿಮೂರು ಚೀಲಗಳಾದರೆ, ಚೀಲ ಬಿಚ್ಚದೆ, ಒಬ್ಬನೇ ಒಯ್ಯಬೇಕು, ಇಲ್ಲವೆ ಹದಿಮೂರು ಮಂದಿ ಬೇಕು. ಹದಿಮೂರು ಅವಿಭಾಜ್ಯ.

ಎರಡನ್ನೇ ಪದೇ ಪದೇ ಗುಣಿಸಿ ಬಂದುದರಲ್ಲಿ ಒಂದನ್ನು ಕಳೆದರೆ ಕೆಲವೊಮ್ಮೆ ಅವಿಭಾಜ್ಯ ಸಂಖ್ಯೆ ದೊರೆಯುತ್ತದೆ. ಅದಕ್ಕೆ ಗುಣಿಸಿದ ಎರಡುಗಳ ಎಣಿಕೆಯೂ ಅವಿಭಾಜ್ಯವಾಗಿರಬೇಕು. ಅಷ್ಟರಿಂದಲೇ ಸಾಲದು: ಹನ್ನೊಂದು ಎರಡುಗಳಿಂದ ಬರುವ 2047 ಎಂಬುದು 23 ಮತ್ತು 89ರ ಗುಣಲಬ್ಧ. 89 ಎರಡುಗಳಿಂದ ಬರುವ 27 ಅಂಕಿಗಳ ಸಂಖ್ಯೆ ಅವಿಭಾಜ್ಯವೆಂದು 1911ರಲ್ಲಿ ಸಿದ್ಧವಾಯಿತು. 2024ರ ಅಕ್ಟೋಬರಿನಲ್ಲಿ ಗಣಕಯಂತ್ರಗಳ ನೆರವಿನಿಂದ ಕಂಡುಕೊಂಡ ಇಂತಹ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಅದಕ್ಕೆ ಒಂದನ್ನು ಕೂಡಿಸಿದರೆ ಅರ್ಧಚ್ಛೇದ 13,62,79,841. ಬರೆದು ಮುಗಿಸಲಾಗದ ಸಂಖ್ಯೆ ಒಂಬತ್ತು ಅಂಕಿಗಳಲ್ಲಿ ಅಡಗಿತು!

ವೀರಸೇನರು ಅವಿಭಾಜ್ಯಗಳನ್ನು ಅರಸಿದರೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಮಹಾಸಂಖ್ಯೆಯನ್ನು ಅದರ ಅರ್ಧಚ್ಛೇದದಿಂದ ಗುರುತಿಸುವ ದಾರಿಯನ್ನು ಅವರು ಬಲ್ಲವರಾಗಿದ್ದರು.

ಈ ಜ್ಞಾನವು ಮೂಡಬಿದಿರೆಯ ಬಸದಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುವಂತಿತ್ತು. 1939ರಿಂದ ಧವಲಾ ಅಚ್ಚಾಗತೊಡಗಿತು. 1942ರಲ್ಲಿ ಪ್ರಕಟವಾದ ಅದರ ನಾಲ್ಕನೆಯ ಸಂಪುಟದಲ್ಲಿ ಲಖನೌದ ಪ್ರಾಧ್ಯಾಪಕ ಎ. ಎನ್. ಸಿಂಗ್ ಅವರು ಅದರ ಗಣಿತವನ್ನು ವಿವೇಚಿಸಿದರು. ಗರಿಗಳು ಹುಳುವಿನ ಪಾಲಾಗಿದ್ದರೆ ಈ ಲೆಕ್ಕವೂ ಅಳಿಯುತ್ತಿತ್ತು. ಬಸದಿಯು ಬಿಂಬದಂತೆ ಶಾಸ್ತ್ರವನ್ನೂ ಕಾಯ್ದಿತು. ಕಾಯ್ದುದನ್ನು ಓದುವ ಹೊಣೆ ಶ್ರಾವಕರದು.